ನೆಲ ಸಿಗದ ಕಾಲು

ನಾಲ್ಕು ಸಾವಿರ ಮಂದಿಯನ್ನು ಹುಟ್ಟಿಸಿದ್ದೇನೆ,
ಹೊಸ ಮಾಲ್‌ನ ಗೋಡೆಯಗಲದ ಪರದೆಗೆ.
ಯಾರೂ ಯಾರಿಗೂ ಡಿಕ್ಕಿ ಹೊಡೆಯುವುದಿಲ್ಲ.
"ಅದೇ ಸುಳ್ಳು" ಎಂದರು ಯಾಕೂಬ್ ಸಾಹೇಬರು, ಚಹಾ ಕಲಕುತ್ತ,
"ಮಕ್ಕಳಿಗೂ ಗೊತ್ತಾಗಿಬಿಡುತ್ತೆ."

ಗೊತ್ತಾಗುತ್ತದೆ, ನಿಜ.
ಇರುವುದು ಮೂವತ್ತೇ ಮುಖ, ಅಂಗಿಯ ಬಣ್ಣ ಅದಲುಬದಲು;
ಲಿಫ್ಟಿನ ಬಳಿ ತನ್ನದೇ ಮುಖ ಎದುರಾದರೂ
ಯಾರೂ ಬೆಚ್ಚುವುದಿಲ್ಲ.
ದೆವ್ವಕ್ಕೆ ಪಾದ ಹಿಂದುಮುಂದು ಅನ್ನುತ್ತಿದ್ದಳು ಅಜ್ಜಿ.
ಇವರ ಪಾದ ಸರಿಯಾಗೇ ಇದೆ,
ನೆಲ ಮಾತ್ರ ಸಿಕ್ಕಿಲ್ಲ. ಜಾರುತ್ತಾರೆ,
ಕಾದ ಕಾವಲಿಯ ಮೇಲಿನ ನೀರ ಹನಿಯಂತೆ.

ಶುಕ್ರವಾರ ಸಂಜೆ ಶಾರ್ಜಾದ ರೋಲಾ ಚೌಕಕ್ಕೆ ಹೋಗಿ ಕೂತೆ,
ಕೈಯಲ್ಲಿ ಕಡಲೆ ಪೊಟ್ಟಣ, ಮಡಿಲಲ್ಲಿ ನೋಟ್‌ಬುಕ್ಕು.
ಬರೆದುಕೊಂಡೆ:
ಕಿರುಬೆರಳು ಹೆಣೆದು ನಡೆವ ಇಬ್ಬರು, ನಡುವೆ ಮಾತಿಲ್ಲ.
ಚಪ್ಪಲಿಯ ಬಾರು ಕಿತ್ತವನು ಕಾಲೆಳೆಯುತ್ತಾನೆ,
ಕಿತ್ತೇ ಇಲ್ಲವೆಂಬ ಗತ್ತಿನಲ್ಲಿ.
"ಏ ಸಲೀಂ" ಎಂದರೆ ಹನ್ನೊಂದು ತಲೆ ತಿರುಗುತ್ತವೆ,
ಹತ್ತು, ತುಸು ನಾಚಿ, ಮರಳುತ್ತವೆ.
ಮನೆಗೆ ಹಣ ಕಳಿಸಿದವನು ರಸೀದಿ ಓದುತ್ತಲೇ ನಡೆಯುತ್ತಾನೆ;
ಅಷ್ಟು ದೊಡ್ಡ ಗುಂಪು ಅವನಿಗೆ ದಾರಿ ಬಿಡುತ್ತದೆ.

ಮತ್ತೆ ಒಬ್ಬ, ದೀಪದ ಕಂಬಕ್ಕೆ ಒರಗಿ, ಸುಮ್ಮನೆ.
ಯಾರನ್ನೂ ಕಾಯುತ್ತಿಲ್ಲ. ಫೋನೂ ತೆಗೆಯುತ್ತಿಲ್ಲ.
ಮುಕ್ಕಾಲು ಗಂಟೆ ನೋಡಿ ಕೇಳಿಯೇಬಿಟ್ಟೆ.
ಹೆಸರು ಪುತ್ತಬ್ಬ, ಊರು ಪಾಣೆಮಂಗಳೂರು.
"ರೂಮಲ್ಲಿ ಒಂಬತ್ತು ಜನ ಮಾರಾಯ್ರೆ.
ಒಬ್ನೇ ಇರ್ಬೇಕು ಅಂತ ಕಂಡ್ರೆ ಇಲ್ಲಿಗೆ ಬರುದು."

ವಾರವಿಡೀ ಕೂತು
ಹೆಜ್ಜೆಗಳ ತಾಳ ಕೆಡಿಸಿದೆ, ಭುಜಕ್ಕೆ ಭುಜ ತಾಗಿಸಿದೆ,
ಕಿತ್ತ ಚಪ್ಪಲಿಯನ್ನು ಇನ್ನೂರಕ್ಕೊಬ್ಬನಂತೆ ಹಂಚಿದೆ.
ಹಿಮ್ಮಡಿ ಊರಿದಾಗ ಊರಿದಲ್ಲೇ ನಿಲ್ಲಬೇಕು,
ಮುಂಗಾಲು ಅದನ್ನು ನಂಬಿ ಏಳಬೇಕು.
ಇಷ್ಟಕ್ಕೇ ಮೂರು ರಾತ್ರಿ ಹಿಡಿಯಿತು.
ಕೊನೆಗೆ ಪುತ್ತಬ್ಬನನ್ನು ಕಂಬದ ಬುಡದಲ್ಲಿ ನಿಲ್ಲಿಸಿದೆ.
ಅವನಿಗೆ ಬರೆದದ್ದು ಒಂದೇ ಆಜ್ಞೆ: ಇರು.

ಸಾಹೇಬರ ಚಹಾ ಈ ಸಲ ಆರಿಹೋಯಿತು.
"ವಾಹ್" ಅಂದರು, ಎರಡು ಸಲ. ಆಮೇಲೆ ಬೆರಳು ಪರದೆಗೆ ತಾಗಿತು.
"ಇವನೊಬ್ಬ ಸಿಕ್ಕಿಹಾಕಿಕೊಂಡಿದ್ದಾನೆ, ನೋಡು.
ಕೋಡಿನಲ್ಲಿ ಏನೋ ದೋಷ. ತೆಗೆದುಬಿಡು."

ತೆಗೆಯಲಿಲ್ಲ. ಹಿಂದಕ್ಕೆ ಸರಿಸಿದೆ,
ಮುಖಕ್ಕೆ ಹನ್ನೆರಡೇ ಚುಕ್ಕಿ ಸಾಕಾಗುವಷ್ಟು ದೂರ.
ಅಲ್ಲಿ ಕಂಬ ಯಾವುದು, ಮನುಷ್ಯ ಯಾವುದು
ನೋಡುವವರಿಗೆ ತಿಳಿಯುವುದಿಲ್ಲ.
ಒಬ್ಬನೇ ಇದ್ದಾನೆ, ಸದ್ಯ.