ಮೂರನೇ ಮಗ್ಗ

ಬನಹಟ್ಟ್ಯಾಗ ರಾತ್ರಿ ಅಂದ್ರ ಕತ್ತಲಿ ಅಲ್ಲ, ಸಪ್ಪಳ.
ಓಣಿ ತುಂಬ ಪಾವರ್‌ಲೂಮು, ಖಟಾಖಟ್ ಖಟಾಖಟ್.
ಬೀಗರು ಬಂದ್ರ ಎರಡು ದಿನ ನಿದ್ದಿ ಮಾಡೂದಿಲ್ಲ,
ನಾವು ಕರೆಂಟ್ ಹೋದ್ರ ಎಚ್ಚರಾಗತೀವಿ.

ಶೆಡ್ಡಿನ ಮ್ಯಾಲ, ನೂಲಿನ ಚೀಲದ ನಡುವ ನನ್ನ ಖೋಲಿ.
ಮಿರಜಿನಿಂದ ತಂದ ಹಳೇ ಲ್ಯಾಪ್‌ಟಾಪು,
ಟೇಪು ಸುತ್ತಿದ ಹೆಡ್‌ಫೋನು.
ಗೋಡಿಗೆ ಹರಕ ಕೌದಿ ಬಡದೀನಿ
ಹೊರಗಿನ ಸಪ್ಪಳ ಒಳಗ ಬರಬಾರದಂತ.
ಆಮ್ಯಾಲ ಅದ ಸಪ್ಪಳಾನ
ಫೋನಿನಾಗ ಹಿಡಕೊಂಡು ಒಳಗ ತಂದೀನಿ.

ಅಪ್ಪ ಸೀರಿ ಅಂಚಿನ ರಟ್ಟಿಗೆ ತೂತು ಹೊಡೀತಿದ್ದ:
ತೂತು ಇದ್ದಲ್ಲಿ ಎಳಿ ಏಳತೈತಿ, ಇಲ್ಲದಲ್ಲಿ ಮಲಗತೈತಿ,
ಅಷ್ಟರಾಗ ನವಿಲು, ಅಷ್ಟರಾಗ ಮಾವಿನಕಾಯಿ.
ನನ್ನ ಪರದೆ ಮ್ಯಾಲೂ ಅವ ಚೌಕ, ಹದಿನಾರು ಮನಿ,
ಒತ್ತಿದಲ್ಲಿ ಬೆಳಕು, ಬೆಳಕಿದ್ದಲ್ಲಿ ಬಡಿತ.
ಅಪ್ಪ ಬಗ್ಗಿ ನೋಡಿದ, ಒಂದ ಮಾತು ಕೇಳಿದ:
"ಇದರ ಹಿಂದಿನ ಮಗ್ಗಲ ಹೆಂಗ ಕಾಣತೈತಿ?"
ನನ್ನ ಹತ್ರ ಉತ್ತರ ಇರಲಿಲ್ಲ. ಇನ್ನೂ ಇಲ್ಲ.

ನಾಕು ತಿಂಗಳಾತು, ಒಂದ ಟ್ರ್ಯಾಕು.
"ಕೊನೇದು", "ಕೊನೇದು ಎರಡು", "ಖರೇನ ಕೊನೇದು",
"ಖರೇನ ಕೊನೇದು ಅವ್ವನಾಣಿ";
ಫೈಲಿಗೆ ಹೆಸರಿಟ್ಟು ಇಟ್ಟು ಆಣಿನೂ ತೀರ್ಯಾವ.
ಬಾಸು, ಓಣಿ ಮೂಲಿ ಟ್ರಾನ್ಸ್‌ಫಾರ್ಮರಿಂದ ಕದ್ದ ಗುಂಯ್.
ಅದರ ಮ್ಯಾಲ ಕಿಣಿಕಿಣಿ,
ಗಂಗಕ್ಕ ಕಂಡಿಕಿ ಸುತ್ತುವಾಗ ಬಳಿಗೆ ಬಳಿ ತಾಕಿದ್ದು.
ಮಗ್ಗ ಮಾತ್ರ ಗಡಿಯಾರಕ್ಕ ಕೂಡೂದಿಲ್ಲ.
ನೂರಾ ಹದಿನೆಂಟಕ್ಕ ಬರತೈತಿ, ಹತ್ತೊಂಬತ್ತಕ್ಕ ಜಾರತೈತಿ,
ನಡುವ ಎಲ್ಲೋ ಒಂದು ಉಸರು ತಡೀತೈತಿ.
ಗೆರಿಗೆ ಎಳದು ಕೂಡಿಸಿದ್ರ ಜೀವ ಹೋಗತೈತಿ,
ಬಿಟ್ರ ಕುಣಿಯಾಕ ಬರೂದಿಲ್ಲ.
ಎರಡರ ನಡುವ, ಕೂದಲೆಳಿಯಷ್ಟು ಕೂದಲೆಳಿಯಷ್ಟು
ಬೆಳತನಕ ಸರಸತೀನಿ,
ಹಾಸಿನಾಗ ಹರದ ಎಳಿ ಹುಡುಕಿ ಅವ್ವ ಗಂಟು ಹಾಕಿದಂಗ.

ಚಾ ಕುಡಿಯಾಕ ಮ್ಯಾಲ ಬಂದಿದ್ದ ದಸ್ತಗೀರ ಮಾಮಾ,
ಅರ್ಧ ಊರಿನ ಮಗ್ಗಕ್ಕ ಅವನ ಫಿಟ್ಟರು.
ಮೂವತ್ತು ವರ್ಷ ಸಪ್ಪಳದಾಗ ನಿಂತು ಎಡಗಿವಿ ಹೋಗೈತಿ,
ಬಲಗಿವಿಗೆ ಹೆಡ್‌ಫೋನ್ ಹಚ್ಚಿದ್ನಿ.
ಕಣ್ಣು ಮುಚ್ಚಿದ.
ಬಶಿಯಾಗ ಚಾ ಕೆನಿಗಟ್ಟಿತು.
ಹಿಡಿಸಿತು ಅಂತ ತಿಳದ್ನಿ.
"ನಿಮ್ಮ ಮೂರನೇ ಮಗ್ಗದ ಪಟ್ಟಾ ಸಡಲಾಗೇತಿ ನೋಡು," ಅಂದ,
ಪಾನಾ ತಗೊಂಡು ಕೆಳಗ ಇಳದ.

ಇಪ್ಪತ್ತು ನಿಮಿಷ.
ಈಗ ಆರೂ ಮಗ್ಗ ಒಂದ ನಮೂನಿ ಬಡೀತಾವ.
ನಾಕು ತಿಂಗಳು ಇದ ಜೀವ ಅಂತ ನಾ ಕಾಪಾಡಿದ್ದು
ಒಂದು ಚರ್ಮದ ಪಟ್ಟಾ, ಎರಡು ನಟ್ಟು.
ನಗು ಬಂತು. ಆಮ್ಯಾಲ ಬರಲಿಲ್ಲ.
ಸಡಲ ಪಟ್ಟಾದ ಆ ಮಗ್ಗ
ಇನ್ನ ಮ್ಯಾಲ ನನ್ನ ಫೈಲಿನಾಗ ಮಾತ್ರ ನೇಯ್ತೈತಿ,
ಸೀರಿ ಇಲ್ಲದ, ಕೂಲಿ ಇಲ್ಲದ.

ಅವತ್ತ ರಾತ್ರಿ ಹನ್ನೊಂದೂವರಿಗೆ ಕರೆಂಟ್ ಹೋತು.
ಊರಿಗೂರ ಒಂದ ಬಡಿತಕ್ಕ ನಿಂತು
ಕಿವಿಯಾಗ ದೊಡ್ಡದೊಂದು ಬಾವಿ ತಗದಂಗಾತು.
ಬ್ಯಾಟರಿ ಒಂಬತ್ತು ನಿಮಿಷ.
ಟ್ರ್ಯಾಕಿನ ನಡುವ ಒಂದು ಜಾಗಾ ಖಾಲಿ ಇತ್ತು,
ಏನು ತುಂಬಬೇಕಂತ ತಿಳೀದ ಬಿಟ್ಟದ್ದು.
ಕಿಡಕಿ ತಗದು ರೆಕಾರ್ಡ್ ಒತ್ತಿದ್ನಿ:
ಯಾರದೋ ಕೆಮ್ಮು, ಒಂದು ನಾಯಿ,
ಬಿಸಿ ಮೋಟಾರು ಆರುವಾಗಿನ ಟಿಕ್, ಟಿಕ್.
ಬಾಗಲಾಗ ಮೇಣಬತ್ತಿ ಹಿಡದ ಅವ್ವ,
"ಇನ್ನೂ ಮುಗೀಲಿಲ್ಲೇನ?"

ಅದನ್ನ ಕತ್ತರಿಸಿಲ್ಲ.
ಈತನಕ ಹನ್ನೊಂದು ಸಲ ಕೇಳ್ಯಾರ,
ಅದರಾಗ ನಾಕು ಸಲ ನಾನ.
ಎರಡು ನಿಮಿಷ ನಲವತ್ತಕ್ಕ ಬರತೈತಿ ಅವ್ವನ ದನಿ,
ಕರೆಂಟ್ ಬರೂಕಿಂತ ತುಸು ಮೊದಲ.