ಮುಲ್

ಸೀತಿಮನಿ ದಾಟಿ ಕೃಷ್ಣಾ ಹೊಳಿ ಸೇತುವೆ ಬಂತಂದ್ರ
ಲಾಡ್ಲೇಸಾಬ ಗೊಳಸಂಗಿ
ಎಂಜಿನ್ನಿನಿಂದ ಅರ್ಧ ಮೈ ಹೊರಗ ಚಾಚಿ
ಹಿಂದಕ್ಕ ನೋಡಾಂವ.

ಡ್ರೈವರ ಆದಾಂವ ಮುಂದ ನೋಡಬೇಕು.
ಸಿಗ್ನಲ್ಲು ಮುಂದ, ಆಲಮಟ್ಟಿ ಮುಂದ,
ಹಳಿ ಮ್ಯಾಲ ನಿಂತ ಎಮ್ಮಿನೂ ಮುಂದ.
ನಾ ಹೊಸಾ ಫೈರಮನ್, ಇಪ್ಪತ್ತೆರಡು ವಯಸ್ಸು,
ಹೆಸರು ಮಾತ್ರ ಮುದಕಪ್ಪ.
ಕೇಳಿದೆ.
"ಸೇತುವೆ ಐತೋ ಇಲ್ಲೋ ನೋಡಿದೆ.
ಐತಿ. ಕಲ್ಲಿದ್ದಲ ಹಾಕು."

ಆರು ವರ್ಷ ತುಂಡು ತುಂಡಾಗಿ ಹೇಳಿದ.
ಕಡ್ಲಿಮಟ್ಟ್ಯಾಗ ಕ್ರಾಸಿಂಗಿಗೆ ನಿಂತಾಗ ಒಂದು ತುಂಡು,
ವಿಜಾಪುರದ ಥಂಡ್ಯಾಗ ಚಹಾದ ಜೋಡಿ ಇನ್ನೊಂದು,
ಮತ್ತ ಎಂಟು ತಿಂಗಳು ಏನೂ ಇಲ್ಲ.
ಜೋಡಿಸಿದಾಂವ ನಾನು. ತಪ್ಪಿದ್ರ ತಪ್ಪು ನಂದು.

ಕೊರಿಯಾ ಅಂಬೋ ದೇಶ. ಡಿಸೆಂಬರ ತಿಂಗಳು.
ಮೀಸಿ ಮ್ಯಾಲಿನ ಉಸಿರು ಉಪ್ಪಿನ ಹರಳಾಗೂ ಥಂಡಿ.
ರೈಲ್ವೆ ಬಿಟ್ಟು ಪಲ್ಟನ್ನಿನ ದವಾಖಾನಿ ಸೇರಿದ ಹುಡುಗ
ಸ್ಟ್ರೆಚರ್ ಹೊರತಿದ್ದ.
ಎಲ್ಲಾರೂ ಹಿಂದಕ್ಕ ಓಡತಾರ, ಇವರಿಗೆ ಲಾರಿ ಇಲ್ಲ,
ಔಷಧದ ಪೆಟ್ಟಿಗಿ ಸುಟ್ಟು ನಡೀರಿ ಅಂತ ಹುಕುಂ.
ಯಾರ್ಡಿನ್ಯಾಗ ಒಂದು ಎಂಜಿನ್ನು
ಸತ್ತಂಗ ನಿಂತಿತ್ತು.
ಅದರ ಜಾತಿ ಹೆಸರು ಮೀಕಾ.

"ಗಾಲಿ ಎಣಿಸಿದೆ ಮುದಕಪ್ಪಾ,
ಮುಂದ ಎರಡು, ನಡುವ ಎಂಟು, ಹಿಂದ ಎರಡು.
ಈಗ ನಾವು ನಿಂತೇವಲ್ಲ, ಈ ವೈಜಿದ ಲೆಕ್ಕಾನ.
ಹಳಿ ಅಗಲ ಬ್ಯಾರೆ, ಹೊಟ್ಟಿ ಒಂದ.
ಜಪಾನದಾಂವ ಹಡದದ್ದು, ಕೊರಿಯಾದಾಂವ ಉರಿ ಹಾಕಿದ್ದು,
ಯಾವ ದೇಶದ ಗುಂಡೋ, ಟೆಂಡರಿಗೆ ಏಳು ತೂತು.
ಬೆಣಿ ಬಡದು ಬ್ಯಾಂಡೇಜ ಸುತ್ತಿದೆ.
ಅಲ್ಲಿ ಬರದ ಅಕ್ಷರ ಒಂದೂ ತಿಳೀಲಿಲ್ಲ,
ಕೈಗೆ ತಿಳೀತು."

ಬಾಯ್ಲರ ಒಣಗಿತ್ತು. ನಳಾ ಹೆಪ್ಪುಗಟ್ಟಿ ಒಡದಿತ್ತು.
ಸಾಲಾಗಿ ನಿಂತ್ರು, ಕೈಯಿಂದ ಕೈಗೆ ಬಕೀಟು.
ಬಾವಿ ಕಡೆ ತುದಿಗೆ ಆ ಊರ ಮಂದಿ
ಕರೀದೆನ ಬಂದು ಸೇರಿದ್ರು.
ಒಬ್ಬಾಕಿ, ಬೆನ್ನಿಗೆ ಕೂಸು, ಕೈಯಾಗ ಹಿತ್ತಾಳಿ ಬೋಗುಣಿ,
ಕೊಟ್ಟಾಗೊಮ್ಮೆ ಅನ್ನಾಕಿ: ಮುಲ್.
ನೀರಿಗೆ ಅವರು ಮುಲ್ ಅಂತಾರ.
ಇವ ಉರಿ ತೋರಿಸಿದ. ಬುಲ್ ಅಂದಳು, ನಕ್ಕಳು.
"ಎರಡಾ ಶಬ್ದ ಕಲಿತೆ.
ಎಂಜಿನ್ನಿಗೆ ಮೂರನೇದು ಬೇಕಾಗೂದಿಲ್ಲ."

ಮುಲ್ ಏರಿತು, ಮುಳ್ಳು ಏರಿತು, ಉಗಿ ಕೂತಿತು.
ಗಾಯದವರು, ಪೆಟ್ಟಿಗಿ, ಡಬ್ಬಿ ತುಂಬಿದುವು.
ಆಕಿಗೆ ಜಾಗಾ

ಇಲ್ಲಿಗೆ ಬಂದ್ರ ಅವ ಗಂಟಲಾ ಕೆರದು
ಇಂಜೆಕ್ಟರ ತಿರುವಾಂವ,
ಅದು ನೆಟ್ಟಗಿದ್ರೂ.

ಹೊಳಿ ದಾಟಿದ್ರು. ಹಿಂದ ಸೇತುವೆ ಹಾರಿತು.
ಹಾರಿಸಿದವರು ವೈರಿ ಅಲ್ಲ, ಈ ಕಡೇವರ.
ಆಕಿ ಆ ದಂಡ್ಯಾಗ,
ಆಕಿ ನೀರು ಇವನ ಬಾಯ್ಲರದಾಗ ಕುದೀತಿತ್ತು.

ಬಾಗಲಕೋಟ್ಯಾಗ ನೀರಿನ ಕಂಬದ ಬುಡಕ ನಿಂತ್ರ
"ಮುಲ್ ಬಿಡೋ!" ಅಂತ ಒದರಾಂವ.
ಪ್ಲಾಟಫಾರ್ಮಿನ ಮಂದಿ ಕಾಲೆತ್ತಿ
ಅಂಗಾಲು ನೋಡಿಕೋತಿದ್ರು, ಎಲ್ಲಿ ಮುಳ್ಳು?

ನಿವೃತ್ತಿ ದಿನಾನೂ ಹಿಂದಕ್ಕ ನೋಡಿದ.
ಆಮ್ಯಾಲ ಉಗಿ ಹೋತು, ಮೀಟರಗೇಜ ಕಿತ್ತರು,
ಆಲಮಟ್ಟಿ ಹಿನ್ನೀರು ಏರಿ
ಬಾಗಲಕೋಟ್ಯಾಗ ಅವನ ಓಣಿಗೆ ಬಂತು.
ಮುಳುಗಡಿ ನೋಟೀಸಿನ ಮನಿ. ಸಾಮಾನ ಹೊರಾಕ ನಾ ಹೋಗಿದ್ದೆ.
ಟ್ರ್ಯಾಕ್ಟರ ಗುರುಗುರು ಅಂತಿತ್ತು.
ಇವ ಹೊಸ್ತಿಲಿಗೆ ಬಂದ ನೀರಾಗ ಬಗ್ಗಿ
ಬೊಗಸಿ ತುಂಬಿದ. ಬೈತಾನ ಅಂದಕೊಂಡೆ.
"ಈಗ ತಂದೀ?" ಅಂದ.
ಯಾರಿಗೆ ಅಂದ್ನೋ.

ಮೊನ್ನೆ ಸೊಲ್ಲಾಪುರ ಗಾಡ್ಯಾಗ ಕೂತಿದ್ದೆ.
ಖಿಡಕಿಗೆ ಗಾಜು, ತಗಿಯಾಕ ಬರೂದಿಲ್ಲ.
ಹೊಳಿ ಬಂತು, ಹೋತು.
ಹಿಂದ ಸೇತುವೆ ಐತೋ ಇಲ್ಲೋ
ನೋಡಾಕ ಆಗಲಿಲ್ಲ.