ನೆಲ ತೊಳೆಯುವ ಪಾಳಿ

ವಾರ್ಡೋದಲ್ಲಿ ಸೂರ್ಯ ಕಾಣದೆ ಇಂದಿಗೆ ಮೂವತ್ತೊಂದು ದಿನ.
ಮೂರು ಗಂಟೆಗೆ ಗುನ್‌ವೋರ್ ಎದ್ದು
ಬೂಟು ಹುಡುಕುತ್ತಾಳೆ, ರಬ್ಬರಿನವು, ಬಿಳಿಯವು.
"ಪೈಪು ಎಲ್ಲಿಟ್ಟೆ?" ನನ್ನನ್ನೇ ಗದರುತ್ತಾಳೆ.

ಮೀನಿನ ಕಾರ್ಖಾನೆ ಮುಚ್ಚಿ ಇಪ್ಪತ್ತು ವರ್ಷ.
ಕೊನೆಯ ಕಾಡ್ ಮೀನು ಸೀಳಿಯಾದ ಮೇಲೆ
ನೆತ್ತರು, ಕರುಳು, ಪಿತ್ತ ಕಡಲಿಗೆ ತಳ್ಳಿ
ಬೆಳಗಿನವರಿಗೆ ನೆಲ ಒಪ್ಪಿಸುವುದು ಅವಳ ಕೆಲಸವಾಗಿತ್ತು.

ತಲೆಯೊಳಗೂ ಅಂಥದೇ ಒಂದು ಪಾಳಿಯಿದೆಯಂತೆ:
ಗಾಢ ನಿದ್ದೆಯಲ್ಲಿ ನೀರು ಹರಿದು
ಹಗಲಿನ ಕಸ ಕೊಚ್ಚಿಕೊಂಡು ಹೋಗುತ್ತದಂತೆ.
ಕಣ್ಣಿನ ಹಿಂದೆ, ಅಕ್ಕಿಕಾಳಿನಷ್ಟು ಗಡಿಯಾರ,
ಅದು ಗಂಟೆ ಹೊಡೆಯಬೇಕು.
ಅವಳದ್ದು ಹೊಡೆಯುವುದಿಲ್ಲ. ಅಥವಾ
ಹೊತ್ತಲ್ಲದ ಹೊತ್ತಿನಲ್ಲಿ ಹೊಡೆಯುತ್ತಲೇ ಇರುತ್ತದೆ.

ದೀಪದ ಪೆಟ್ಟಿಗೆ ಇಟ್ಟೆವು. ಗುಳಿಗೆ ಕೊಟ್ಟೆವು.
"ನಮ್ಮ ಹಿಮಸಾರಂಗಗಳು ಈ ತಿಂಗಳಲ್ಲಿ ಗಡಿಯಾರವನ್ನೇ ಬಿಚ್ಚಿಡುತ್ತವೆ,"
ಅಂದಳು ಅಡುಗೆಮನೆಯ ಸಾಮಿ ಹುಡುಗಿ ರಿಸ್ಟೆನ್, "ಅವಕ್ಕೇನೂ ಆಗಲ್ಲ."

ಇವತ್ತು ವಾದಿಸಲಿಲ್ಲ.
ಸ್ನಾನದ ಮನೆಯ ಪೈಪು ಅವಳ ಕೈಗೆ ಕೊಟ್ಟೆ.
ಮೂಲೆಮೂಲೆ ತೊಳೆದಳು. ನನ್ನ ಕಾಲುಚೀಲವೂ ನೆನೆಯಿತು.
ನಲ್ಲಿ ತಿರುಗಿಸಿ, ಸೊಂಟಕ್ಕೆ ಕೈಕೊಟ್ಟು ನನ್ನ ಮುಖ ನೋಡಿದಳು:
"ಹೋಗು ಮನೆಗೆ. ರಾತ್ರಿ ಮಲಗಿ ಎಷ್ಟು ಕಾಲವಾಯಿತೋ ನೀನು?"

ಬೆರಳು ಮಡಚಿ ಎಣಿಸತೊಡಗಿದೆ. ಹನ್ನೊಂದು ಚಳಿಗಾಲ.
ಅಷ್ಟರಲ್ಲಿ ಅವಳಿಗೆ ನಿದ್ದೆ,
ಒದ್ದೆ ಕಾಲಲ್ಲೇ.